ನೇತ್ರಾಣಿಯ ನೀರಿನೊಳಗೆ

ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೂ ಕಡಲಿನ ಪರಿಚಯ ಬಹುಮಟ್ಟಿಗೆ ಅದರ ಮೇಲ್ಮೈಯದೇ. ಅಲೆ, ನೊರೆ, ಭರತ, ಇಳಿತ, ಮುಳುಗುವ ಸೂರ್ಯ ಇವಿಷ್ಟನ್ನು ದಡದಲ್ಲಿ ನಿಂತವರೆಲ್ಲರೂ ಕಾಣುತ್ತಾರೆ. ಮೀನುಗಾರನ ತಿಳಿವಳಿಕೆ ಇದಕ್ಕಿಂತ ಆಳವಾದದ್ದು. ಆದರೂ ತಾನು ಹಿಡಿಯುವ ಮೀನು ತನ್ನ ನೆಲೆಯಲ್ಲಿ ಹೇಗೆ ಬಾಳುತ್ತದೆ ಎಂಬುದನ್ನು ಅವನು ಕಣ್ಣಾರೆ ಕಂಡಿರುವುದು ಅಪರೂಪ. ಬಲೆಯಿಂದ ದೋಣಿಗೆ ಬಿದ್ದ ಮೀನು ತನ್ನ ಬಣ್ಣವನ್ನೂ ನಡೆಯನ್ನೂ ನೀರಿನಲ್ಲಿಯೇ ಬಿಟ್ಟು ಬಂದಿರುತ್ತದೆ.

ಈ ಮರೆಯ ಲೋಕವನ್ನು ಸಾಮಾನ್ಯ ಜನರೂ ಹೊಕ್ಕು ನೋಡಬಹುದಾದ ಸ್ಥಳವೊಂದು ಕರ್ನಾಟಕದಲ್ಲಿಯೇ ಇದೆ. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಅರಬ್ಬೀ ಸಮುದ್ರದಲ್ಲಿ ಸುಮಾರು 19 ಕಿಲೋಮೀಟರ್ ಸಾಗಿದರೆ ನೇತ್ರಾಣಿ ದ್ವೀಪ ಸಿಗುತ್ತದೆ. ಯಂತ್ರದ ದೋಣಿಯಲ್ಲಿ ಇದು ಒಂದೂವರೆ ಗಂಟೆಯ ಪಯಣ. ಆಂಗ್ಲರ ನಕಾಶೆಗಳಲ್ಲಿ ಇದಕ್ಕೆ 'ಪಿಜನ್ ಐಲೆಂಡ್' ಎಂಬ ಹೆಸರಿತ್ತು. ಆಕಾಶದಿಂದ ನೋಡಿದವರು ಇದರ ಆಕಾರ ಹೃದಯದಂತಿದೆ ಎನ್ನುತ್ತಾರೆ; ದೋಣಿಯಲ್ಲಿ ಹೋಗುವವನಿಗೆ ಕಾಣುವುದು ನೀರಿನಿಂದ ನೆಟ್ಟಗೆ ಎದ್ದುನಿಂತ ಬಂಡೆಗಳ ಹಸಿರು ಗುಡ್ಡ ಮಾತ್ರ. ಜನವಸತಿ ಇಲ್ಲ. ಬಿಳಿಹೊಟ್ಟೆಯ ಕಡಲ ಹದ್ದುಗಳು ಮರಗಳಲ್ಲಿ ಗೂಡು ಕಟ್ಟುತ್ತವೆ, ಇಳಿಜಾರಿನಲ್ಲಿ ಆಡುಗಳು ಮೇಯುತ್ತವೆ. ಮುಳುಗಲು ಬಂದವರು ದ್ವೀಪದ ಮೇಲೆ ಕಾಲಿಡುವುದಿಲ್ಲ. ದೋಣಿಯಿಂದ ನೇರವಾಗಿ ನೀರಿಗೆ ಇಳಿಯುತ್ತಾರೆ.

ಕರಾವಳಿಯ ಉದ್ದಕ್ಕೂ ಕಡಲಿರುವಾಗ ಈ ಒಂದು ಬಂಡೆಯ ಬಳಿಗೇ ಏಕೆ ಹೋಗಬೇಕು? ಪಶ್ಚಿಮ ಘಟ್ಟದಿಂದ ಇಳಿದು ಬರುವ ನದಿಗಳು ಮಣ್ಣನ್ನು ಹೊತ್ತು ತಂದು ಕಡಲಿಗೆ ಸುರಿಯುವುದರಿಂದ ದಡದ ನೀರು ಸದಾ ಕದಡಿರುತ್ತದೆ. ನೇತ್ರಾಣಿ ಅದರಿಂದ ದೂರದಲ್ಲಿದೆ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಅಲ್ಲಿನ ನೀರು ತಿಳಿಯಾಗುತ್ತದೆ. ಬಿಸಿಲು ಆಳಕ್ಕೆ ಇಳಿಯುತ್ತದೆ. ಬಂಡೆಗಳ ಮೇಲೆ ಹವಳದ ಜೀವಿಗಳು ನೆಲೆಯೂರುತ್ತವೆ.

ನೀರಿನಲ್ಲಿ ಮುಳುಗುವ ವಿದ್ಯೆ ಹೊಸದಲ್ಲ. ಮನ್ನಾರ್ ಕೊಲ್ಲಿಯಲ್ಲಿ ಮುತ್ತು ತೆಗೆಯುವವರು ಕಲ್ಲು ಕಟ್ಟಿದ ಹಗ್ಗ ಹಿಡಿದು, ಉಸಿರು ಬಿಗಿದು, ತಳಕ್ಕಿಳಿಯುತ್ತಿದ್ದರು. ಎದೆಯಲ್ಲಿ ಹಿಡಿದ ಉಸಿರು ಎಷ್ಟು ಹೊತ್ತೋ ಅಷ್ಟೇ ಹೊತ್ತು ಅವರ ಕೆಲಸ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೋ ಮತ್ತು ಎಮಿಲ್ ಗಾನ್ಯಾನ್ ಎಂಬ ಇಬ್ಬರು ಈ ಕಟ್ಟನ್ನು ಸಡಿಲಿಸಿದರು. ಬೆನ್ನಿನ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು, ಸುತ್ತಣ ನೀರಿನ ಒತ್ತಡಕ್ಕೆ ಸರಿಯಾಗಿ ಅಳೆದು, ಬೇಕೆಂದಾಗ ಮಾತ್ರ ಬಾಯಿಗೆ ಒದಗಿಸುವ ಉಪಕರಣವನ್ನು ಅವರು ರೂಪಿಸಿದರು. ಇಂದಿನ ಸ್ಕೂಬಾ ಮುಳುಗಿಗೆ ಅದೇ ಬುನಾದಿ.

ನೇತ್ರಾಣಿಗೆ ಬರುವವರಲ್ಲಿ ಅನೇಕರಿಗೆ ಈಜು ಕೂಡ ಬಾರದು. ಅಂಥವರಿಗೂ ತರಬೇತುದಾರರು ಮೊದಲು ಕೆಲವು ಪಾಠಗಳನ್ನು ಹೇಳಿಕೊಡುತ್ತಾರೆ. ಮೂಗಿನಿಂದಲ್ಲ, ಬಾಯಿಯಿಂದಲೇ ಉಸಿರಾಡಬೇಕು. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿದ್ದುದರ ಎರಡರಷ್ಟಾಗುತ್ತದೆ. ಆಗ ನೋಯತೊಡಗುವ ಕಿವಿಗೆ, ಮೂಗು ಹಿಡಿದು ಮೆಲ್ಲನೆ ಊದಿ ಪರಿಹಾರ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾದ ನಿಯಮ, ಉಸಿರನ್ನು ಎಂದೂ ತಡೆಹಿಡಿಯಬಾರದು. ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೇರುವಾಗ ಹಿಗ್ಗುತ್ತದೆ. ಅದು ಹೊರಬರಲು ದಾರಿಯಿಲ್ಲದಿದ್ದರೆ ಶ್ವಾಸಕೋಶಕ್ಕೇ ಹಾನಿ. ಮಾತು ಸಾಧ್ಯವಿಲ್ಲದ ಕಡೆ ಕೈಸನ್ನೆಯೇ ಭಾಷೆ. ನೆಲದ ಮೇಲೆ ಎತ್ತಿದ ಹೆಬ್ಬೆರಳಿಗೆ 'ಭೇಷ್' ಎಂಬ ಅರ್ಥವಿದ್ದರೆ ಅಲ್ಲಿ ಅದರ ಅರ್ಥ 'ಮೇಲೆ ಹೋಗೋಣ'. ಸಂತೋಷದಿಂದ ಹೆಬ್ಬೆರಳೆತ್ತಿದ ಹೊಸಬನನ್ನು ತರಬೇತುದಾರನು ದೋಣಿಗೆ ಕರೆತಂದರೆ ಆತನ ತಪ್ಪೇನೂ ಇಲ್ಲ. ಇಂಥ ಮೊದಲ ಮುಳುಗಿನಲ್ಲಿ ಹನ್ನೆರಡು ಮೀಟರಿಗಿಂತ ಆಳಕ್ಕೆ ಒಯ್ಯುವ ಪದ್ಧತಿಯಿಲ್ಲ. ತರಬೇತುದಾರನ ಕೈ ಹೊಸಬನ ಮೇಲಿನ ಹಿಡಿತವನ್ನು ಬಿಡುವುದೂ ಇಲ್ಲ.

ಇಳಿದ ಮೊದಲ ಕ್ಷಣಗಳಲ್ಲಿ ಕೇಳುವುದು ತನ್ನದೇ ಉಸಿರಿನ ಸದ್ದು, ಗುಳ್ಳೆಗಳ ಸದ್ದು. ಭಯ ತಗ್ಗಿದಂತೆ ಕಣ್ಣು ತೆರೆಯುತ್ತದೆ. ಕೆಂಪು ಬಣ್ಣವನ್ನು ನೀರು ಮೊದಲೇ ಹೀರಿಕೊಳ್ಳುವುದರಿಂದ ಸುತ್ತಲೂ ನೀಲಿ, ಹಸಿರುಗಳ ಮಬ್ಬು ಹಬ್ಬಿರುತ್ತದೆ. ಮುಖವಾಡದ ಗಾಜಿನ ಮೂಲಕ ವಸ್ತುಗಳು ಇದ್ದುದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ. ಮೇಲೆ ಬಂದವರು ವರ್ಣಿಸುವ ಮೀನಿನ ಗಾತ್ರದಲ್ಲಿ ಇಷ್ಟನ್ನಾದರೂ ಕಳೆದು ಕೇಳುವುದು ಲೇಸು! ಜೋಡಿಯಾಗಿ ಸುಳಿಯುವ ಚಿಟ್ಟೆಮೀನು, ಬಂಡೆಯ ಬಿರುಕಿನಿಂದ ಬಾಯಿ ತೆರೆದು ಇಣುಕುವ ಮೊರೆ ಹಾವುಮೀನು ಇವು ಹೊಸಬನ ಕಣ್ಣಿಗೆ ಬೇಗನೆ ಬೀಳುತ್ತವೆ. ಗಿಳಿಮೀನು ಕೊಕ್ಕಿನಂಥ ಹಲ್ಲಿನಿಂದ ಹವಳದ ಕಲ್ಲನ್ನು ಕೆರೆದು ಪಾಚಿ ತಿನ್ನುತ್ತದೆ; ಜೊತೆಗೆ ಹೊಟ್ಟೆಗೆ ಹೋದ ಕಲ್ಲಿನ ಪುಡಿ ಬಿಳಿಯ ಮರಳಾಗಿ ಹೊರಬೀಳುತ್ತದೆ. ಸಾವಿರಾರು ಸಣ್ಣ ಮೀನುಗಳ ಹಿಂಡೊಂದು ಯಾರ ಅಪ್ಪಣೆಯೂ ಇಲ್ಲದೆ ಒಮ್ಮೆಗೇ ತಿರುಗುವುದನ್ನು ನೋಡಿದವರು ಅದನ್ನು ಬೇಗ ಮರೆಯಲಾರರು.

ಹವಳವೆಂದರೆ ಸರದಲ್ಲಿ ಪೋಣಿಸುವ ಕೆಂಪು ಮಣಿ ಎಂದಷ್ಟೇ ತಿಳಿದವರಿಗೆ ಇಲ್ಲಿ ಬೇರೆ ಪಾಠ ಕಾದಿರುತ್ತದೆ. ಬಂಡೆಯ ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅತಿ ಸಣ್ಣ ಪ್ರಾಣಿಗಳು ಒಂದಕ್ಕೊಂದು ಅಂಟಿ, ಸುಣ್ಣದ ಮನೆ ಕಟ್ಟಿಕೊಂಡು ಬಾಳುವ ಕೂಡುಕುಟುಂಬವದು. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ; ಬಿಸಿಲಿನಿಂದ ಆಹಾರ ತಯಾರಿಸಿ ಮನೆಯ ಬಾಡಿಗೆಯಂತೆ ಅದರ ಪಾಲನ್ನು ಕೊಡುತ್ತದೆ. ಗುಂಡು ಹವಳಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ಒಂಬತ್ತನೆಯ ತರಗತಿಯ ಹುಡುಗನ ಅಂಗೈಯಷ್ಟು ಅಗಲದ ಹವಳಕ್ಕೆ ಆ ಹುಡುಗನಷ್ಟೇ ವಯಸ್ಸಾಗಿರಬಹುದು. ಕಾಲಿನ ರಬ್ಬರು ಹುಟ್ಟಿನ ಒಂದು ಅಜಾಗರೂಕ ಒದೆತಕ್ಕೆ ಅದು ಮುರಿಯುತ್ತದೆ.

ನೇತ್ರಾಣಿಯ ಆಕರ್ಷಣೆ ಅದು ಹತ್ತಿರವಿರುವುದರಲ್ಲಿದೆ. ಲಕ್ಷದ್ವೀಪಕ್ಕೆ ಹೋಗಲು ಪರವಾನಗಿ ಬೇಕು, ಅಂಡಮಾನಿಗೆ ವಿಮಾನವೋ ದೀರ್ಘ ಹಡಗು ಪ್ರಯಾಣವೋ ಬೇಕು. ಮುರುಡೇಶ್ವರಕ್ಕಾದರೋ ಬಸ್ಸು ಇದೆ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಮಾರ್ಗದ ನಿಲ್ದಾಣವೂ ಇದೆ. ಆದರೆ ಈ ಹತ್ತಿರವೇ ದ್ವೀಪಕ್ಕೆ ಭಾರವೂ ಹೌದು. ಬರುವವರು ಹೆಚ್ಚಿದಂತೆ ದೋಣಿಗಳೂ ಅವುಗಳ ಲಂಗರುಗಳೂ ಹೆಚ್ಚುತ್ತವೆ. ಲಂಗರು ಹವಳದ ಮೇಲೆ ಬಿದ್ದರೆ ಒದೆತಕ್ಕಿಂತ ದೊಡ್ಡ ಗಾಯ. ಇದೇ ದ್ವೀಪವನ್ನು ನೌಕಾಪಡೆಯು ಗುರಿ ಅಭ್ಯಾಸಕ್ಕಾಗಿ ಬಳಸಿದ್ದುಂಟು. ಸಿಡಿಯದ ಗುಂಡುಗಳು ಇಲ್ಲಿ ಕಂಡುಬಂದಿವೆ. ಕಡಲ ನೀರು ಕಾಯುತ್ತಿರುವುದು ಇನ್ನೂ ದೊಡ್ಡ ಚಿಂತೆ. ನೀರು ಅತಿಯಾಗಿ ಬಿಸಿಯಾದಾಗ ಹವಳವು ತನ್ನ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. ಲಕ್ಷದ್ವೀಪದ ಹವಳಗಳು 1998, 2010 ಮತ್ತು 2016ರಲ್ಲಿ ಹೀಗೆ ಬಿಳಿಚಿ, ಅವುಗಳಲ್ಲಿ ಅನೇಕ ಸತ್ತುಹೋದವು. ಇದನ್ನು ತಡೆಯುವುದು ಮುಳುಗುವವನ ಕೈಯಲ್ಲಿಲ್ಲ. ಹವಳವನ್ನು ಮುಟ್ಟದಿರುವುದು ಅವನ ಕೈಯಲ್ಲಿದೆ. ದೋಣಿಯಲ್ಲಿ ಹೇಳಿಕೊಡುವ ಪಾಠಗಳಲ್ಲಿ ಹೊಸಬರು ಅಷ್ಟಾಗಿ ಕಿವಿಗೊಡದ ಪಾಠವೂ ಅದೇ.

ಜೂನ್ ಬಂತೆಂದರೆ ಮುಂಗಾರು ಕಡಲನ್ನು ಕಲಕುತ್ತದೆ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುತ್ತದೆ. ಮುಳುಗು ಹಾಕಿಸುವವರು ಸಿಲಿಂಡರುಗಳನ್ನು ಒಳಗಿಟ್ಟು ಬೀಗ ಹಾಕುತ್ತಾರೆ. ಮಳೆ ಇಳಿದು ನೀರು ತಿಳಿಯಾಗುವವರೆಗೆ ನೇತ್ರಾಣಿಯ ಬಂಡೆಗಳ ಬಳಿಗೆ ಯಾರೂ ಮುಳುಗಲು ಹೋಗುವುದಿಲ್ಲ.