ಟೊಮೇಟೊ ಕಾಳಗಕ್ಕೆ ಪ್ರಯಾಣಸನ್ನಾಹ

ತೇರು ಎಳೆಯುವಾಗ ಕಳಸದತ್ತ ಬಾಳೆಹಣ್ಣು, ದವನಗಳನ್ನು ಎಸೆಯುವುದು ನಮ್ಮ ಸೀಮೆಯ ಗೃಹಸ್ಥರೆಲ್ಲರೂ ಬಲ್ಲ ಆಚಾರವಷ್ಟೆ. ಕೊಪ್ಪಳದ ಗವಿಸಿದ್ಧೇಶ್ವರನ ಜಾತ್ರೆಯಲ್ಲಿ ಉತ್ತತ್ತಿಯೂ ಹಾರುತ್ತದೆ. ಆದರೆ ತೇರಿಲ್ಲದೆ, ಹರಕೆಯಿಲ್ಲದೆ, ಮನುಷ್ಯರು ಮನುಷ್ಯರ ಮೇಲೆಯೇ ಹಣ್ಣೆಸೆಯುವ ಉತ್ಸವವೊಂದು ಸ್ಪೇನ್ ದೇಶದಲ್ಲಿ ಉಂಟು. ವಲೆನ್ಸಿಯಾ ನಗರಕ್ಕೆ ಪಶ್ಚಿಮದಲ್ಲಿ ಸುಮಾರು 40 ಕಿಲೋಮೀಟರು ದೂರದ ಬೂನ್ಯೋಲ್ ಎಂಬ ಸಣ್ಣ ಊರಿನಲ್ಲಿ ಪ್ರತಿ ಆಗಸ್ಟ್ ತಿಂಗಳ ಕಡೆಯ ಬುಧವಾರ ಅದು ನಡೆಯುತ್ತದೆ. ಹೆಸರು ಲಾ ಟೊಮಾಟೀನಾ.

ಭದ್ರಾವತಿಯಲ್ಲಿರುವ ನಮ್ಮ ಸೋದರಳಿಯನು ಅಲ್ಲಿಗೆ ಹೋಗಿಬರಬೇಕೆಂದು ಸಂಕಲ್ಪಿಸಿ, ಎರಡು ವರ್ಷಗಳಿಂದ ಸಂಬಳದಲ್ಲಿ ಹಣ ಕೂಡಿಡುತ್ತಿದ್ದಾನೆ. ಅವನ ತಾಯಿಗೆ ಇದು ಕಿಂಚಿತ್ತೂ ಸಮ್ಮತವಿಲ್ಲ. ಮಾತು ಬೆಳೆದು, ಮನೆಯಲ್ಲಿ ತಾಯಿ ಮಕ್ಕಳು ಎದುರುಬದುರು ಕುಳಿತು ಉಣ್ಣುವುದೂ ನಿಂತಿತೆಂದು ತಿಳಿದು, ನಾವು ಶಿವಮೊಗ್ಗೆಯಿಂದ ಹೊರಟೆವು. ತುಂಗೆಯ ದಡದಿಂದ ಭದ್ರೆಯ ದಡಕ್ಕೆ ಒಂದು ಗಂಟೆಯೊಳಗಿನ ಹಾದಿ. ಲಕ್ಷ್ಮೀನರಸಿಂಹಸ್ವಾಮಿಯ ದರ್ಶನಮಾಡಿ, ಹೊಯ್ಸಳರ ಕಾಲದ ಆ ತ್ರಿಕೂಟ ದೇವಾಲಯದ ಜಗತಿಯ ಮೇಲೆ ಮೂವರೂ ಕುಳಿತೆವು.

ಹುಡುಗನು ಸಿದ್ಧತೆಯನ್ನು ಕ್ರಮವಾಗಿಯೇ ಮಾಡಿದ್ದನು. ರಹದಾರಿ ಕೈಯಲ್ಲಿದೆ. ಷೆಂಗೆನ್ ಕೂಟದ ವೀಸಾಕ್ಕೆ ಪ್ರಯಾಣಕ್ಕಿಂತ ಆರು ತಿಂಗಳಿಗೆ ಮುಂಚೆ ಅರ್ಜಿ ಹಾಕುವಂತಿಲ್ಲ. 15 ದಿನಕ್ಕಿಂತ ತಡಮಾಡುವಂತೆಯೂ ಇಲ್ಲ. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಬೇಕು. ಬೂನ್ಯೋಲಿನಲ್ಲಿ ಬಿಡಾರ ಸಿಕ್ಕುವುದು ದುರ್ಲಭವಾದ್ದರಿಂದ ವಲೆನ್ಸಿಯಾದಲ್ಲಿ ಇಳಿದುಕೊಳ್ಳಬೇಕು. ಜನಸಂದಣಿ ಮಿತಿಮೀರಿದ್ದರಿಂದ 2013ರಿಂದ ಉತ್ಸವಕ್ಕೆ ಟಿಕೇಟು ಇಟ್ಟಿದ್ದಾರೆ; ಸುಮಾರು 20,000 ಜನಕ್ಕೆ ಮಾತ್ರ ಪ್ರವೇಶ. ಹಳೆಯ ಬಟ್ಟೆ, ಬಿಗಿಯಾದ ಪಾದರಕ್ಷೆ, ಕಣ್ಣಿಗೆ ಕನ್ನಡಕ, ಇಷ್ಟು ಸಾಮಗ್ರಿ. ಒಂದು ಬಾಣ ಹಾರಿದರೆ ಆರಂಭ. ಒಂದು ಗಂಟೆಯ ಮೇಲೆ ಇನ್ನೊಂದು ಹಾರಿದರೆ ಕೈಯಲ್ಲಿದ್ದ ಹಣ್ಣನ್ನೂ ಎಸೆಯಬಾರದು. ಎಸೆಯುವ ಮುನ್ನ ಹಣ್ಣನ್ನು ಹಿಸುಕಬೇಕು, ಯಾರ ಬಟ್ಟೆಯನ್ನೂ ಹರಿಯಬಾರದು ಎಂಬ ನಿಯಮಗಳೂ ಉಂಟು.

"ನಿಯಮವೆಲ್ಲ ಸರಿಯೇ. ಎಸೆದ ಹಣ್ಣನ್ನು ಆಮೇಲೆ ಯಾರು ತಿನ್ನುತ್ತಾರೆ, ಅದನ್ನು ಹೇಳಪ್ಪ" ಎಂದಳು ನಮ್ಮ ತಂಗಿ.

"ಯಾರೂ ತಿನ್ನುವುದಿಲ್ಲಮ್ಮ, ಬೀದಿ ತೊಳೆಯುತ್ತಾರೆ."

"ಕೇಳಿದಿರಾ ಅಣ್ಣಯ್ಯ?"

ಅವಳ ಮಾತು ತಳ್ಳಿಹಾಕತಕ್ಕುದಲ್ಲ. ಅನ್ನವನ್ನು ನಿಂದಿಸಕೂಡದು, ತಿರಸ್ಕರಿಸಕೂಡದು ಎಂಬುದನ್ನು ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯು ವ್ರತವೆಂದೇ ವಿಧಿಸಿದೆ. ಆ ಒಂದು ಗಂಟೆಯಲ್ಲಿ ನೂರು ಟನ್ನಿಗೂ ಮೇಲ್ಪಟ್ಟು ಹಣ್ಣು ನೀರಾಗುತ್ತದೆ. ಅದು ಊಟಕ್ಕೊದಗದ ಕೀಳುದರ್ಜೆಯ ಹಣ್ಣೆಂದು ಅಲ್ಲಿಯವರ ಸಮಾಧಾನ. ಆದರೆ ನಮ್ಮ ತೇರಿನ ಬಾಳೆಹಣ್ಣೂ ಎಲ್ಲವೂ ಪ್ರಸಾದವಾಗುವುದೇ? ಕಾಲಡಿಗೆ ಬಿದ್ದದ್ದೂ ಬಹಳ. ಬೆಲೆ ಕುಸಿದ ವರ್ಷ ಕೋಲಾರದ ಕಡೆಯ ರೈತರು ಕಣ್ಣೀರಿಡುತ್ತ ಒಳ್ಳೆಯ ಟೊಮೇಟೊವನ್ನೇ ರಸ್ತೆಗೆ ಸುರಿಯುವುದನ್ನೂ ಕಂಡಿದ್ದೇವೆ. ಮದುವೆಯ ಎಲೆಗಳಲ್ಲಿ ಉಳಿಯುವುದರ ಲೆಕ್ಕವನ್ನಂತೂ ಕೇಳುವವರೇ ಇಲ್ಲ. ಹೀಗಿರುವಾಗ ಬೂನ್ಯೋಲಿನವರನ್ನು ಮಾತ್ರ ಹಳಿಯುವುದು ನ್ಯಾಯವಲ್ಲ.

ಆ ಊರಿನವರಿಗೆ ಅದು ಬರಿಯ ಆಟವೂ ಅಲ್ಲ. 1945ರಲ್ಲಿ ಮೆರವಣಿಗೆಯೊಂದರಲ್ಲಿ ಹುಡುಗರ ಜಗಳ ಎದ್ದು, ಪಕ್ಕದ ತರಕಾರಿ ಅಂಗಡಿಯ ಟೊಮೇಟೊಗಳು ಹಾರಿದುವಂತೆ; ಮರುವರ್ಷ ಹುಡುಗರು ಮನೆಯಿಂದಲೇ ಹಣ್ಣು ತಂದರಂತೆ. ಫ್ರಾಂಕೋವಿನ ಆಡಳಿತದಲ್ಲಿ, ಇದರಲ್ಲಿ ಧರ್ಮಾಂಶವಿಲ್ಲವೆಂದು ನಿಷೇಧವಾಯಿತು. 1957ರಲ್ಲಿ ಜನರು ದೊಡ್ಡದೊಂದು ಟೊಮೇಟೊವನ್ನು ಶವಪೆಟ್ಟಿಗೆಯಲ್ಲಿರಿಸಿ, ಶೋಕವಾದ್ಯ ನುಡಿಸುತ್ತ ಬೀದಿಯಲ್ಲಿ ಹೊತ್ತು ಪ್ರತಿಭಟಿಸಿದರು. ಬಳಿಕ ಅನುಮತಿ ದೊರೆಯಿತು. 2024ರ ಅಕ್ಟೋಬರಿನ ಮಹಾಪ್ರವಾಹ ಆ ಪ್ರಾಂತ್ಯವನ್ನೆಲ್ಲ ನಡುಗಿಸಿತು, ಬೂನ್ಯೋಲೂ ನೊಂದಿತು. ಆದರೂ ಮುಂದಿನ ಆಗಸ್ಟಿನಲ್ಲಿ ಉತ್ಸವ ನಿಲ್ಲಲಿಲ್ಲ.

ಅದೇ ಆಟವನ್ನು ಇಲ್ಲಿಗೆ ತಂದರೆ ಏನಾದೀತು? 2011ರಲ್ಲಿ ಹಿಂದಿ ಚಲಚ್ಚಿತ್ರವೊಂದು ಈ ಉತ್ಸವವನ್ನು ತೋರಿಸಿದ ಮೇಲೆ ಬೆಂಗಳೂರು, ಮೈಸೂರುಗಳಲ್ಲಿಯೂ ಹಾಗೆಯೇ ನಡೆಸಲು ಕೆಲವರು ಹೊರಟರು. ಆಗ ಮುಖ್ಯಮಂತ್ರಿಗಳಾಗಿದ್ದ ಡಿ. ವಿ. ಸದಾನಂದಗೌಡರು, ಆಹಾರವನ್ನು ಹಾಳುಮಾಡುವುದಕ್ಕೆ ಅನುಮತಿ ಕೊಡಕೂಡದೆಂದು ಪೋಲೀಸರಿಗೆ ಸೂಚಿಸಿದರು. ಅದು ಉಚಿತವೆಂದೇ ನಮ್ಮ ಅಭಿಪ್ರಾಯ. ಊರಿನ ನೆನಪಿಲ್ಲದ ಕಡೆ ಆಚಾರವನ್ನು ಕಿತ್ತು ತಂದರೆ ಉಳಿಯುವುದು ಹಣ್ಣಿನ ನಾಶವೊಂದೇ.

ಆದ್ದರಿಂದ ನಮ್ಮ ತೀರ್ಪು ಇಷ್ಟು: ಹುಡುಗನು ಹೋಗಲಿ, ಪರರ ಊರಹಬ್ಬಕ್ಕೆ ಅತಿಥಿಯಂತೆ ಹೋಗಿ, ಅವರ ಕಟ್ಟಳೆಗೆ ನಡೆದು ಬರಲಿ, ಆಟವನ್ನು ಮಾತ್ರ ಭದ್ರಾವತಿಗೆ ತರದಿರಲಿ. ತಂಗಿಯು ಬಹಳ ಹೊತ್ತು ಸುಮ್ಮನಿದ್ದು, "ಇವನು ಅಲ್ಲಿ ಎಷ್ಟು ಹಣ್ಣು ಎಸೆಯುತ್ತಾನೋ ಅದರ ಹತ್ತರಷ್ಟು ತೂಕದ ತರಕಾರಿಯನ್ನು ಬಂದಮೇಲೆ ದಾಸೋಹಕ್ಕೆ ಕೊಡಲಿ" ಎಂದಳು. ಅವನು ಒಪ್ಪಿದನು.

ಇಂಥ ಯಾತ್ರೆಯನ್ನು ಯೋಚಿಸುವ ಮನೆಗಳಿಗೆ ಒಂದು ಸೂಚನೆ. ದಿನವನ್ನು ಗೊತ್ತುಮಾಡುವ ಮೊದಲು ಪಂಚಾಂಗವನ್ನು ನೋಡಿಕೊಳ್ಳುವುದು ಲೇಸು. 2025ರಲ್ಲಿ ಆ ಬುಧವಾರವೂ ಗಣೇಶನ ಚೌತಿಯೂ ಆಗಸ್ಟ್ 27ರಂದು ಒಂದೇ ದಿನ ಬಿದ್ದಿದ್ದುವು. ಅಂಥ ವರ್ಷ ಯಾವ ತಾಯಿಯೂ ಮಗನನ್ನು ಬೀಳ್ಕೊಡಲಾರಳು.