ಎಸೆಯುವ ಮಾತು, ಬಿಡುವ ಮಾತು

ಆನೆಗಳ ವಿಷಯ ಬಂದಾಗಲೆಲ್ಲ ನಮ್ಮ ಸಕಲೇಶಪುರ, ಆಲೂರು ಕಡೆ ಒಂದು ಇಂಗ್ಲಿಷ್ ಪದ ಕೇಳಿಬರುತ್ತದೆ: ‘ರಿಮೂವಲ್’. ಹೈಕೋರ್ಟಿನ ಆದೇಶದಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ತನ್ನ ವರದಿ ಕೊಟ್ಟಿತು. ವಿಜ್ಞಾನಿ ರಾಮನ್ ಸುಕುಮಾರ್ ಅದರ ಅಧ್ಯಕ್ಷರಾಗಿದ್ದರು. ಆನೆಗಳಿರುವ ನೆಲವನ್ನು ವರದಿ ಮೂರು ಬಗೆಯಾಗಿ ವಿಂಗಡಿಸಿತು. ಒಂದು ಕಡೆ ಆನೆಯ ಸಂರಕ್ಷಣೆ, ಇನ್ನೊಂದು ಕಡೆ ಮನುಷ್ಯ ಮತ್ತು ಆನೆಯ ಸಹಬಾಳ್ವೆ, ಮೂರನೆಯದು ‘ಎಲಿಫೆಂಟ್ ರಿಮೂವಲ್ ಝೋನ್’. ಆಲೂರಿನ ಭಾಗ ಈ ಮೂರನೆಯದಕ್ಕೆ ಸೇರಿತು. 2014ರಲ್ಲಿ ಇಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಲಾರಿ ಹತ್ತಿಸಿದರು.

ನಾನು ಮೊದಲು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದವನು. ಇಂಗ್ಲಿಷ್ ನನಗೆ ತಡವಾಗಿ, ನಿಘಂಟಿನ ಬಾಗಿಲಿನಿಂದ ಬಂದ ಭಾಷೆ. ಹೀಗಾಗಿ ಪದ ಸಿಕ್ಕರೆ ಅದರ ಬೇರು ಕೆದಕುವ ಚಟ. ಬೇಡವಾದದ್ದನ್ನು ತೊಲಗಿಸಲು ಆ ಭಾಷೆಯಲ್ಲಿರುವ ಮಾತುಗಳನ್ನು ಕಂಡು ನನಗೆ ಆಶ್ಚರ್ಯವಾಗಿದೆ. ‘ಡಿಸ್ಕಾರ್ಡ್’ ಇಸ್ಪೀಟಿನಾಟದಿಂದ ಬಂದದ್ದು, ಕೈಯಲ್ಲಿ ಬೇಡವಾದ ಎಲೆಯನ್ನು ಕೆಳಗೆ ಹಾಕುವುದು. ‘ಎಲಿಮಿನೇಟ್’ ಎಂಬುದರ ಲ್ಯಾಟಿನ್ ಬೇರಿನಲ್ಲಿ ಹೊಸ್ತಿಲಿದೆ. ಹೊಸ್ತಿಲಿನಿಂದ ಆಚೆ ಹಾಕು ಎಂದರ್ಥ. ನನ್ನನ್ನು ಹೆಚ್ಚು ಕಾಡಿದ್ದು ‘ಗೆಟ್ ರಿಡ್’. ಈ ‘ರಿಡ್’ ಹಳೆಯ ನಾರ್ಸ್ ಭಾಷೆಯದು. ಮೂಲದಲ್ಲಿ ಅದಕ್ಕೆ ನೆಲವನ್ನು ಬಯಲು ಮಾಡು, ಕಡಿದು ತೆರವು ಮಾಡು ಎಂಬ ಅರ್ಥ.

ನಮ್ಮ ಸೀಮೆಯ ಚರಿತ್ರೆ ಈ ಒಂದು ಪದದಲ್ಲಿದೆ ಎಂದರೂ ತಪ್ಪಾಗಲಾರದು. ಸಕಲೇಶಪುರದ ಸುತ್ತಲಿನ ನಾಡಿಗೆ ಆಗ ಮಂಜರಾಬಾದ್ ಎಂದು ಹೆಸರು. 1856ರಲ್ಲಿ ಇಲ್ಲಿಗೆ ಬಂದು ಕಾಫಿ ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬ ಸ್ಕಾಟ್ಲೆಂಡಿನ ಮನುಷ್ಯ 1871ರಲ್ಲಿ ತನ್ನ ಅನುಭವಗಳನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದ. ಪುಸ್ತಕದ ಹೆಸರಿನಲ್ಲೇ ‘ಜಂಗಲ್’ ಇದೆ. ಮೊದಲು ಕಾಡು ತೆರವಾಯಿತು, ತೋಟ ಬಂತು. ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ ಊರುಗಳನ್ನು ತೆರವು ಮಾಡಿದರು. ಕೊನೆಗೆ ಆನೆಯ ಸರದಿ.

ಸರಕಾರದ ಕನ್ನಡವೂ ಇದರಲ್ಲಿ ಹಿಂದೆ ಬಿದ್ದಿಲ್ಲ. ‘ವಿಲೇವಾರಿ’ ಎಂಬ ಮಾತನ್ನೇ ನೋಡಿ. ಕಸ ವಿಲೇವಾರಿ, ಅರ್ಜಿ ವಿಲೇವಾರಿ. 2020ರ ಕೊರೊನಾ ಕಾಲದಲ್ಲಿ ಶವ ವಿಲೇವಾರಿಯನ್ನೂ ಪತ್ರಿಕೆಗಳಲ್ಲಿ ಓದಿದೆವು. ಪಿಂಚಣಿಗಾಗಿ ಅಲೆಯುವ ಮುದುಕಿಯ ಅರ್ಜಿಗೂ ಊರಾಚೆಯ ಕಸದ ರಾಶಿಗೂ ಒಂದೇ ಕ್ರಿಯಾಪದ! ಮರಾಠಿಯ ಕಡೆಯಿಂದ ಬಂದ ಈ ಮಾತಿಗೆ ಮೂಲದಲ್ಲಿ ಅಚ್ಚುಕಟ್ಟು ಮಾಡು ಎಂಬ ಒಳ್ಳೆಯ ಅರ್ಥವೇ ಇತ್ತು. ಇಂಗ್ಲಿಷಿನ ‘ಡಿಸ್ಪೋಸ್’ ಕೂಡ ಹಾಗೆಯೇ. ನಾವು ಉರ್ದುವಿನವರೂ ಕನ್ನಡಕ್ಕೆ ಸಾಕಷ್ಟು ಕೊಟ್ಟಿದ್ದೇವೆ. ಕಚೇರಿಯ ‘ರದ್ದು’, ಅಂಗಡಿಯ ‘ರದ್ದಿ’ ಎರಡೂ ಒಂದೇ ಅರಬಿ ಬೇರಿನವು. ‘ವಜಾ’ ಕೂಡ ಅರಬಿಯದೇ.

ಆದರೆ ಮನೆಯ ಭಾಷೆ ಬೇರೆ. ಕುರ್‌ಆನಿನ ಹರಿದ ಹಾಳೆ ಸಿಕ್ಕರೆ ನಮ್ಮ ದಾದಿ ‘ಫೇಂಕೋ ನಕ್ಕೊ’ ಎಂದು ಗದರುತ್ತಿದ್ದರು. ಅದನ್ನು ‘ಠಂಡಾ’ ಮಾಡಬೇಕು. ಅಂದರೆ ಬಟ್ಟೆಯಲ್ಲಿ ಸುತ್ತಿಟ್ಟು, ಹೊಳೆಯ ಹರಿಯುವ ನೀರಿಗೆ ಬಿಡಬೇಕು ಅಥವಾ ಯಾರೂ ತುಳಿಯದ ಕಡೆ ಹೂಳಬೇಕು. ಮೊಹರಮ್ಮಿನ ತಾಜಿಯಾಕ್ಕೂ ಉರ್ದುವಿನಲ್ಲಿ ಇದೇ ಮಾತು. ಪಕ್ಕದ ಬೀದಿಯವರು ಗಣಪತಿಯನ್ನು ‘ಬಿಡುತ್ತಾರೆ’. ಕೂರಿಸಿದ ಗಣಪತಿಯನ್ನು ನೀರಿಗೆ ಎಸೆದೆವೆಂದು ಯಾರಾದರೂ ಹೇಳುವುದನ್ನು ನೀವು ಕೇಳಿದ್ದೀರಾ?

ಇದನ್ನೆಲ್ಲ ತೋಟದ ಲೈನ್ ಮನೆಯಲ್ಲಿರುವವರ ಮುಂದೆ ಹೇಳಲು ನನಗೆ ಧೈರ್ಯವಿಲ್ಲ. ಬೆಳಿಗ್ಗೆ ಮಂಜಿನಲ್ಲಿ ಕೆಲಸಕ್ಕೆ ನಡೆದು ಹೋಗುವವರು ಅವರು. ಆನೆ ತುಳಿದು ಸತ್ತವರಲ್ಲಿ ಹೆಚ್ಚಿನವರು ಅವರಂಥವರೇ, ಜೀಪಿನಲ್ಲಿ ಓಡಾಡುವವರಲ್ಲ. ಆಲೂರಿನ ಕಡೆ ಆನೆಗೆ ಸಾಕಾಗುವಷ್ಟು ಕಾಡಿಲ್ಲ ಎಂಬುದೂ ಸುಳ್ಳಲ್ಲ. ಗದ್ದೆಯನ್ನು ಆನೆ ತುಳಿದ ಮೇಲೆ ಬದುವಿನ ಮೇಲೆ ಕೂತಿದ್ದ ಒಬ್ಬ ಹೆಂಗಸು ನನಗೆ ಹೇಳಿದ್ದು ಇಷ್ಟೇ: “ಎಲ್ಲಿಗಾದ್ರೂ ತಗೊಂಡೋಗಿ ಬಿಡ್ಲಿ ಸ್ವಾಮಿ, ಅದೂ ಬದುಕ್ಲಿ.” ಎಷ್ಟು ಸಿಟ್ಟಿದ್ದರೂ ಆಕೆಯ ಮಾತಿನಲ್ಲಿ ಆನೆಗೆ ಹೋಗಲು ಒಂದು ಜಾಗವಿತ್ತು. ‘ರಿಮೂವಲ್’ನಲ್ಲಿ ಅದಿಲ್ಲ. ಎಲ್ಲಿಂದ ಎಂಬುದಷ್ಟೇ ಆ ಮಾತಿಗೆ ಗೊತ್ತು.

2014ರಲ್ಲಿ ಖಾಲಿಯಾದ ಜಾಗ ಖಾಲಿಯಾಗಿ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಬೇರೆ ಆನೆಗಳು ಬಂದವು. ಮತ್ತೆ ಹಿಡಿಯುವ ಕೆಲಸ, ಕೊರಳಿಗೆ ರೇಡಿಯೋ ಕಾಲರ್, ದೂರದ ಕಾಡಿಗೆ ಸಾಗಣೆ. ಈ ಕೆಲಸಕ್ಕೆ ಬಂದವರಲ್ಲಿ ಅರ್ಜುನನೂ ಒಬ್ಬ. 2012ರಿಂದ 2019ರವರೆಗೆ ಎಂಟು ಸಲ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತ ಆನೆ. ಅರವತ್ತು ದಾಟಿತೆಂದು ಅಂಬಾರಿಯ ಕೆಲಸದಿಂದ ಅವನಿಗೆ ನಿವೃತ್ತಿ ಕೊಟ್ಟಿದ್ದರು. ಅಂಬಾರಿ ಹೊರಲಾರದಷ್ಟು ವಯಸ್ಸಾದವನು ಕಾಡಿನ ಸಲಗದೆದುರು ನಿಲ್ಲಬಲ್ಲ ಎಂದು ಹೇಗೆ ಲೆಕ್ಕ ಹಾಕಿದರೋ! 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಂದರ ಜತೆ ಕಾದಾಡಿ ಅರ್ಜುನ ಸತ್ತ. ತೋಟಗಳಲ್ಲಿ ಅದು ಅರೇಬಿಕಾ ಕೊಯ್ಲಿನ ಕಾಲ. ಅವನನ್ನು ಮೈಸೂರಿಗೆ ಒಯ್ಯದೆ, ಅಲ್ಲಿಯೇ ದಬ್ಬಳ್ಳಿಕಟ್ಟೆಯ ಕಾಡಿನಲ್ಲಿ ಮಣ್ಣು ಮಾಡಿದರು.