ಆನೆ ಕುಣಿದದ್ದನ್ನು ಕಂಡವರು

ಜಪಾನಿನವರ ಮೇಲೆ ನನಗೊಂದು ಸಣ್ಣ ಹೊಟ್ಟೆಕಿಚ್ಚಿದೆ. ಫ್ರಾನ್ಸಿನ ವಿಮಾನ ಚಾಲಕನೊಬ್ಬ ಬರೆದ ಪುಟ್ಟ ರಾಜಕುಮಾರನ ಕಥೆಗೆ ಅವರು ಹಕೋನೆ ಎಂಬ ಊರಿನಲ್ಲಿ 1999ರಲ್ಲಿ ಒಂದು ಮ್ಯೂಸಿಯಂ ಕಟ್ಟಿದರು. 2023ರ ಮಾರ್ಚಿನಲ್ಲಿ ಅದನ್ನು ಮುಚ್ಚಿದರು. ಕಟ್ಟಿದ್ದೂ ಸುದ್ದಿ, ಮುಚ್ಚಿದ್ದೂ ಸುದ್ದಿ. ನಮ್ಮ ಯಳಂದೂರಿನಲ್ಲೂ ಮಕ್ಕಳ ಪುಸ್ತಕವೊಂದಕ್ಕೆ ಮ್ಯೂಸಿಯಂ ಇತ್ತು, ಅದೂ ಮುಚ್ಚಿತು. ಒಬ್ಬ ಪತ್ರಕರ್ತನೂ ಬರಲಿಲ್ಲ. ಅದರ ಒಟ್ಟು ವಿಸ್ತಾರ ಒಂದು ಗಾಜಿನ ಬೀರುವಿನಷ್ಟೇ ಇದ್ದದ್ದು ಅದಕ್ಕೆ ಕಾರಣವಿರಬಹುದು.

ಬೀರು ನಮ್ಮ ಮಾವನದು. ಮಿಡ್ಲ್ ಸ್ಕೂಲ್ ಮೇಷ್ಟರಾಗಿ ನಿವೃತ್ತರಾದ ಮೇಲೆ ಅದನ್ನು ನಡುಮನೆಯಿಂದ ಜಗಲಿಗೆ ಎಳೆತಂದು ‘ಮ್ಯೂಸಿಯಂ’ ಎಂದು ಸುಣ್ಣದಲ್ಲಿ ಬರೆದಿದ್ದರು. ಒಳಗೆ ರಟ್ಟು ಕಿತ್ತುಹೋದ ‘ಜಂಗಲ್ ಬುಕ್’, ತುಕ್ಕು ಹಿಡಿದ ಅಂಕುಶ, ಆನೆಯ ಕೊರಳ ಗಂಟೆ, ಯಾವುದೋ ಮ್ಯಾಗಝೀನಿನಿಂದ ಕತ್ತರಿಸಿದ ಸಿನಿಮಾ ನಟ ಸಾಬುವಿನ ಫೋಟೊ, ಆಮೇಲೆ ಒಂದು ಆನೆಯ ದವಡೆಹಲ್ಲು. ಈ ಕೊನೆಯದನ್ನು ಈಗ ಜಗಲಿಯಲ್ಲಿಟ್ಟರೆ ಮ್ಯೂಸಿಯಂಗಿಂತ ಮೊದಲು ಕೇಸು ಶುರುವಾಗುತ್ತದೆ. ಪ್ರವೇಶ ಶುಲ್ಕ ಐದು ಪೈಸೆ. ನೋಡಿ ಮುಗಿಸಿದವರಿಗೆ ಅದಕ್ಕೂ ಹೆಚ್ಚಿನ ಕಡ್ಲೆಪುರಿ ಕೊಡುತ್ತಿದ್ದರಾದ್ದರಿಂದ ಸಂಸ್ಥೆ ಮೊದಲ ದಿನದಿಂದಲೇ ನಷ್ಟದಲ್ಲಿತ್ತು.

ಬೀರು ತೆಗೆಯುವ ಮುಂಚೆ ಒಂದು ಪ್ರಶ್ನೆ ಇರುತ್ತಿತ್ತು: “ಆನೆ ಕುಣಿಯೋದ ಕಂಡಿದ್ದೀಯೇನ್ಲಾ?” ಇಲ್ಲ ಅಂದವರಿಗೆ ಮಾತ್ರ ಬೀಗ ತೆಗೆಯುತ್ತಿದ್ದರು. ಹೂಂ ಅಂದ ಹುಡುಗನಿಗೆ, “ನೀನು ನನಗಿಂತ ದೊಡ್ಡೋನು, ನಿನಗೇನು ತೋರಿಸಲಿ” ಅಂತ ವಾಪಸು ಕಳಿಸುತ್ತಿದ್ದರು, ಕಡ್ಲೆಪುರಿಯೂ ಇಲ್ಲ. ಪ್ರಶ್ನೆ ಕಿಪ್ಲಿಂಗನದೇ. 1894ರ ಆ ಪುಸ್ತಕದಲ್ಲಿ ಟೂಮಾಯಿ ಎಂಬ ಹತ್ತು ವರ್ಷದ ಮಾವುತರ ಹುಡುಗನಿದ್ದಾನೆ. ಕಾಡಾನೆ ಅಟ್ಟಿ ಹಿಡಿಯುವ ಖೆಡ್ಡಾದೊಳಗೆ ನಾನೂ ಇಳಿಯಲೇ ಎಂದು ಕೇಳಿದವನಿಗೆ ಪೀಟರ್ಸನ್ ಸಾಹೇಬ, ಆನೆಗಳು ಕುಣಿಯುವುದನ್ನು ಕಂಡ ದಿನ ಬಾ ಎನ್ನುತ್ತಾನೆ. ಎಂದೂ ಬೇಡ ಎಂಬುದಕ್ಕೆ ಅದು ಬೇಟೆಗಾರರ ತಮಾಷೆ. ಹುಡುಗ ರಾತ್ರಿ ಕಾಳನಾಗ ಎಂಬ ಮುದಿ ಆನೆಯ ಬೆನ್ನೇರಿ ಕಾಡಿಗೆ ಹೋಗಿ ಕುಣಿತ ಕಂಡೇ ಬರುತ್ತಾನೆ.

ಕಥೆ ನಡೆಯುವುದು ದೂರದ ಗಾರೋ ಬೆಟ್ಟಗಳಲ್ಲಿ. ಅದಕ್ಕೆ ಯಳಂದೂರಿನಲ್ಲೇಕೆ ಬೀರು ಎಂದರೆ ಮಾವ ಕೆರಳುತ್ತಿದ್ದರು. “ಆ ಪೀಟರ್ಸನ್ ಯಾರು ಗೊತ್ತೇನು? ನಮ್ಮ ಸ್ಯಾಂಡರ್ಸನ್ನು!” ಇದು ಅವರ ಕಟ್ಟುಕಥೆಯಲ್ಲ, ಕಿಪ್ಲಿಂಗನನ್ನು ಓದಿಕೊಂಡವರೂ ಹಾಗೇ ಹೇಳುತ್ತಾರೆ. ಜಾರ್ಜ್ ಸ್ಯಾಂಡರ್ಸನ್ 1864ರಲ್ಲಿ ಮೀಸೆ ಮೂಡುವ ವಯಸ್ಸಿಗೆ ಮೈಸೂರಿಗೆ ಬಂದು, ಕನ್ನಡ ಕಲಿತು, ಕೆರೆ ಕಾಲುವೆಗಳ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದವನು. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ ಮನೆ ಮಾಡಿಕೊಂಡು, ಹಿಂಡು ಹಿಂಡಾಗಿ ಆನೆ ಅಟ್ಟಿ ಹಿಡಿಯುತ್ತೇನೆಂದು ಸರ್ಕಾರದ ಮುಂದೆ ನಿಂತ. ಅದಕ್ಕೂ ನೂರು ವರ್ಷ ಹಿಂದೆ ಕಾಕನಕೋಟೆಯಲ್ಲಿ ಹೈದರಾಲಿ ಇದನ್ನೇ ಮಾಡಲು ಹೋಗಿ ಸೋತಿದ್ದನಂತೆ. ಸೋತವನು ಸುಮ್ಮನಿರದೆ, ಇನ್ನು ಮುಂದೆ ಈ ಕೆಲಸಕ್ಕೆ ಕೈ ಹಾಕಿದವನಿಗೆ ಶಾಪ ಎಂದು ಕಲ್ಲಿನಲ್ಲಿ ಕೆತ್ತಿಸಿದ್ದನಂತೆ. ಸ್ಯಾಂಡರ್ಸನ್ ತನ್ನ 1878ರ ಪುಸ್ತಕದಲ್ಲಿ ಈ ಕಥೆ ಹೇಳುತ್ತಾನೆ. ಅವನಿಗೂ ಮೊದಲ ಸಲ, 1873ರಲ್ಲಿ, ಆನೆ ದಕ್ಕಲಿಲ್ಲ. ಮರುವರ್ಷ ಹೊನ್ನುಹೊಳೆಯ ಬಳಿ ಐವತ್ತಕ್ಕೂ ಮೇಲೆ ಸಿಕ್ಕಿಬಿದ್ದವು. ಆಮೇಲೆ ಸರ್ಕಾರ ಅವನನ್ನು ಆನೆ ಹಿಡಿಯಲೆಂದೇ ಢಾಕಾ, ಗಾರೋ ಬೆಟ್ಟಗಳ ಕಡೆಗೆ ಕಳಿಸಿತು. ಮಾವನ ತಕರಾರು ಇಷ್ಟೇ: ವಿದ್ಯೆ ಕಲಿತದ್ದು ನಮ್ಮ ಹೊಳೆಯಲ್ಲಿ, ಹೆಸರು ಬಂದದ್ದು ಗಾರೋ ಬೆಟ್ಟಕ್ಕೆ.

ಹೊನ್ನುಹೊಳೆ ಎಂದರೆ ಸುವರ್ಣಾವತಿ. ಚಾಮರಾಜನಗರದ ಕಡೆಯಿಂದ ಯಳಂದೂರು ಹಾದು ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಗೆ ಸೇರುತ್ತದೆ. ಯಳಂದೂರು ಹಿಂದೆ ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು, ಸುತ್ತ ಮೈಸೂರಿನ ಸೀಮೆ; ಪಕ್ಕದ ಕೊಳ್ಳೇಗಾಲ ಮಾತ್ರ 1956ರ ತನಕ ಮದ್ರಾಸಿನ ಕೊಯಮತ್ತೂರು ಜಿಲ್ಲೆಯದು. ಬೆಳಿಗ್ಗೆ ಮದ್ರಾಸು ಸರ್ಕಾರದ ಬಿದಿರು ಮೆದ್ದ ಆನೆ ಸಂಜೆಗೆ ಮಹಾರಾಜರ ಆಸ್ತಿಯಾಗುತ್ತಿತ್ತು ಎಂದು ಮಾವ ನಗುತ್ತಿದ್ದರು.

ಸಾಬುವಿನ ಫೋಟೊ ಮುಂದೆ ಮಾತ್ರ ಅವರು ನಗುತ್ತಿರಲಿಲ್ಲ. 1924ರಲ್ಲಿ ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಮಾವುತರ ಮಗ ಅವನು. ಟೂಮಾಯಿಯ ಕಥೆಯನ್ನು ಸಿನಿಮಾ ಮಾಡಲು ಬಂದ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಈ ಹುಡುಗ ಬಿದ್ದ. ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಗೆ ಬಂತು. 1942ರಲ್ಲಿ ಅವನೇ ಮೌಗ್ಲಿಯೂ ಆದ. 1963ರಲ್ಲಿ, ನಲವತ್ತು ತುಂಬುವ ಮೊದಲೇ, ಅಮೆರಿಕದಲ್ಲಿ ತೀರಿಕೊಂಡ. ಕಿಪ್ಲಿಂಗ್ ಕಾಗದದ ಮೇಲೆ ಗಾರೋ ಬೆಟ್ಟಕ್ಕೆ ಕೊಟ್ಟ ಹುಡುಗನನ್ನು ಸಿನಿಮಾದವರು ಮೈಸೂರು ಸೀಮೆಗೆ ವಾಪಸು ತಂದುಕೊಟ್ಟರು ಎಂಬುದು ಮಾವನ ಲೆಕ್ಕ. ಅಷ್ಟು ನ್ಯಾಯ ಸಾಕಾಗಿತ್ತು ಅವರಿಗೆ.

ಮೊನ್ನೆ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಯ ಕೆಲಸ ಮುಗಿಸಿ, ಹೇಗೂ ದಾರಿಯೇ ಎಂದು ಯಳಂದೂರಿನಲ್ಲಿ ಇಳಿದೆ. ಬಳೆಮಂಟಪದ ಕಲ್ಲಿನ ಬಳೆಗಳು ಹಾಗೇ ತೂಗುತ್ತಿವೆ. ಮಾವನ ಜಗಲಿ ಇದ್ದಲ್ಲಿ ಮೊಬೈಲಿಗೆ ಕವರು ಮಾರುವ ಅಂಗಡಿ. ಇಲ್ಲೊಂದು ಬೀರು ಇತ್ತಲ್ಲ ಎಂದರೆ ಹುಡುಗ, “ಬೀರು ಬ್ಯಾಕಾ ಸಾ? ಸಂತೇಮರಳ್ಳೀಲಿ ಸಿಗ್ತದ” ಎಂದು ದಾರಿ ತೋರಿಸಿದ. ನನಗೆ ಕೋಪ ಬಂದದ್ದು ಹುಡುಗನ ಮೇಲಲ್ಲ. ಸರ್ಕಲ್ಲಿಗೊಂದು ಪ್ರತಿಮೆ ನಿಲ್ಲಿಸುವ ನಾವು ಒಂದು ಕಥೆಗೆ ಒಂದು ಗೋಡೆಯನ್ನೂ ಬಿಡಲಿಲ್ಲ. ಕಾಕನಕೋಟೆಯದೂ ಇದೇ ಪಾಡು: 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು, ಆಮೇಲೆ ಕಬಿನಿಯ ಹಿನ್ನೀರು ಆ ಜಾಗವನ್ನೇ ನುಂಗಿತು. ಹಾಗೆಂದು ಖೆಡ್ಡಾ ನಿಂತದ್ದಕ್ಕೆ ಅಳುವಷ್ಟು ಪೆದ್ದನಲ್ಲ ನಾನು. ತಾಯಿಯಿಂದ ಅಗಲಿಸಿ ಹಗ್ಗ ಬಿಗಿದ ಮರಿಗಳ ಕಥೆಗೂ ಆ ಬೀರುವಿನಲ್ಲಿ ಒಂದು ಅರೆ ಇರಬೇಕಿತ್ತು. ಮಾವ ಇಟ್ಟಿರಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತವರು ಹನೂರು ಕಡೆಯ ರೈತರು. ಹನೂರು ಅಂದರೆ ಹೊರಗಿನವರು ವೀರಪ್ಪನ್ ಬಗ್ಗೆ ಕೇಳುತ್ತಾರೆ. ನಾನು ಬೇರೆ ಕೇಳೋಣವೆಂದು ಮಾವನ ಪ್ರಶ್ನೆಯನ್ನೇ ಕೇಳಿದೆ. “ಕಾಣ್ದೆ ಏನು? ಜೋಳ ತೆನೆ ಕಟ್ಟಿದ್ ಮ್ಯಾಲ ವಾರಕ್ಕೆರಡ್ ದಪ ಕುಣಿತವ, ನಮ್ಮೊಲ್ದಲ್ಲೇ. ಪಟಾಕಿ ಹೊಡುದ್ರ ಇನ್ನೂ ಜೋರು.” ಸೋಲಾರ್ ಬೇಲಿಗೆ ಒಣಮರ ಉರುಳಿಸಿ ದಾಟುವ ಒಂದು ಒಂಟಿ ಸಲಗದ ಬುದ್ಧಿವಂತಿಕೆಯನ್ನು ಅವರು ಹೊಗಳಿದ ಬಗೆ ನೋಡಿದರೆ ಅದು ಅವರ ಸ್ವಂತ ಅಳಿಯನೇ ಇರಬೇಕು ಅನ್ನಿಸಿತು. ಮಾವ ಇದ್ದಿದ್ದರೆ ಇವರಿಗೆ ಕಡ್ಲೆಪುರಿ ತಪ್ಪುತ್ತಿತ್ತು. ನಾನು ಮೆಲ್ಲಗೆ ಮ್ಯೂಸಿಯಂ ಮಾತು ಎತ್ತಿದೆ.

“ಕಟ್ಲಿ ಸಾ, ಬ್ಯಾಡ ಅಂದೋರ್ಯಾರು? ಮೊದ್ಲು ಆನೆ ತಡಿಯೋ ಆ ರೈಲು ಕಂಬಿ ಬೇಲಿ ನಮ್ಮೊಲದ ಗಂಟ ಬರ್ಲಿ. ಕಂಬಿ ಮಿಕ್ಕುದ್ರ ನಿಮ್ ಮ್ಯೂಸಿಯಂಗೂ ಒಂದ್ ಗೇಟ್ ಮಾಡಿಸ್ಕಳಿ” ಎಂದು ಟವೆಲ್ಲು ಕೊಡವಿಕೊಂಡು ಬಸ್ಸಿಗೆ ಓಡಿದರು.